ಹಳೆಯ ಧ್ವನಿಮುದ್ರಿಕೆಗಳ ವರ್ಗಾವಣೆ: ಗಡಿಭಾಗದ ಶಾಲೆಯ ಒಂದು ಕೆಲಸ

(ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಕೊಲ್ಲಾಪುರ ಜಿಲ್ಲೆಯ ಕೊರೋಚಿ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಹಳೆಯ ಕನ್ನಡ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಅಟ್ಟದ ಮೂಲೆಯಲ್ಲೋ ಒಂದಷ್ಟು ಕ್ಯಾಸೆಟ್‌ಗಳು ಸಿಗುವುದು ಅಪರೂಪವಲ್ಲ. ಎಲ್ಲೋ ಒಂದೆರಡು ಮನೆಗಳಲ್ಲಿ ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳೂ ಇರುತ್ತವೆ. ನುಡಿಸುವ ಯಂತ್ರ ಕೆಟ್ಟು ವರ್ಷಗಳಾಗಿರುತ್ತವೆ. ಮನೆಗೆ ಸುಣ್ಣ ಹಚ್ಚುವ ದಿನ ಇವೆಲ್ಲ ಗುಜರಿಯವನ ತಕ್ಕಡಿಗೆ ಹೋಗುತ್ತವೆ. ಈ ಚೀಲ ಗುಜರಿಗೆ ಹೋಗುವ ಮುನ್ನ ಶಾಲೆಯ ಮೇಜಿಗೆ ಬರುವುದು ಹೇಗೆ, ಬಂದ ಮೇಲೆ ಅದರೊಳಗಿನ ಧ್ವನಿಯನ್ನು ಸಿ.ಡಿ.ಗೂ ಕಂಪ್ಯೂಟರಿಗೂ ಇಳಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ. ಇದಕ್ಕೆ ದೊಡ್ಡ ಸ್ಟುಡಿಯೋ ಬೇಕಾಗಿಲ್ಲ. ಮನೆಬಳಕೆಯ ರೆಕಾರ್ಡರ್, ಒಂದು ಒಳ್ಳೆಯ ಕ್ಯಾಸೆಟ್ ಡೆಕ್, ಒಂದು ತಂತಿ ಮತ್ತು ಬಿಡುವಿನ ಮಧ್ಯಾಹ್ನಗಳಿದ್ದರೆ ಸಾಕು.

ಮೊದಲು ತೀರ್ಮಾನವಾಗಬೇಕಾದದ್ದು ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬುದು. ಇಲ್ಲಿ ಸಹಜವಾಗಿ ಒಂದು ತಪ್ಪು ನಡೆಯುತ್ತದೆ. ಚೀಲ ಬಿಚ್ಚಿದ ಕೂಡಲೇ ಕೈ ಹೋಗುವುದು ಹೆಸರಾಂತ ಗಾಯಕರ ಚಿತ್ರವಿರುವ, ಅಂಗಡಿಯಿಂದ ಕೊಂಡ ಕ್ಯಾಸೆಟ್ ಕಡೆಗೆ. ಆದರೆ ಅಂಥ ಕ್ಯಾಸೆಟ್ ಸಾವಿರಾರು ಪ್ರತಿಗಳಲ್ಲಿ ಮಾರಾಟವಾಗಿರುತ್ತದೆ. ಅದರ ಮೂಲ ಕಂಪನಿಯ ಬಳಿ ಇರುತ್ತದೆ, ಪ್ರತಿಗಳು ಸಂಗ್ರಾಹಕರ ಬಳಿ ಇರುತ್ತವೆ. ಅದರ ಪಕ್ಕದಲ್ಲೇ ಹಾಳೆಯ ಮೇಲೆ ಪೆನ್ನಿನಿಂದ 'ಸೀಮಂತ', 'ಭಜನಿ', 'ಆಯಿ ಹಾಡಿದ್ದು' ಎಂದು ಬರೆದಿರುವ, ಅಥವಾ ಏನೂ ಬರೆಯದ ಕ್ಯಾಸೆಟ್ ಇರುತ್ತದೆ. ಜಗತ್ತಿನಲ್ಲಿ ಅದರದು ಒಂದೇ ಪ್ರತಿ. ಆದ್ದರಿಂದ ವರ್ಗಾವಣೆಯ ಸರದಿ ಕೀರ್ತಿಯ ಸರದಿಗೆ ತಿರುವುಮುರುವಾಗಿರಬೇಕು: ಹೆಸರಿಲ್ಲದ್ದು ಮೊದಲು, ಹೆಸರಾದದ್ದು ಕೊನೆಗೆ.

ಧ್ವನಿಯನ್ನು ಉಳಿಸಿಕೊಳ್ಳುವುದರಿಂದ ಆಗುವ ಲಾಭವೇನೆಂಬುದಕ್ಕೆ ಈ ಸೀಮೆಯ ಸಂಗೀತದಲ್ಲೇ ಸಾಕ್ಷಿಯಿದೆ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಮೂವತ್ತು ವರ್ಷಗಳೊಳಗೆ ಧಾರವಾಡ, ಹುಬ್ಬಳ್ಳಿ, ಮೀರಜ, ಕೊಲ್ಲಾಪುರದ ಗಾಯಕರ ಧ್ವನಿಗಳು ತಟ್ಟೆಗಳಿಗೆ ಬಂದವು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮುದ್ರಿಕೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಿದ್ದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುಧ್ವನಿ. ಗಂಟಲಿನ ಚಿಕಿತ್ಸೆಯ ತರುವಾಯ ಅವರ ಧ್ವನಿ ತಗ್ಗಿ, ಗಂಭೀರವಾಗಿ, ಲೋಕಪ್ರಸಿದ್ಧವಾದದ್ದು ಆ ಮೇಲಿನ ಧ್ವನಿಯೇ. ಅರಗಿನ ಆ ತಟ್ಟೆಗಳನ್ನು ಯಾರೋ ಜೋಪಾನ ಮಾಡಿ, ಯಾರೋ ಸರಿಯಾದ ಮುಳ್ಳಿನಿಂದ ನುಡಿಸಿ ವರ್ಗಾಯಿಸದೆ ಹೋಗಿದ್ದರೆ ಅವರ ಮೊದಲ ಧ್ವನಿ ಬರಿಯ ಹೇಳಿಕೆಯಾಗಿ ಉಳಿಯುತ್ತಿತ್ತು. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ ಮುಂಬಯಿಯ ಚಿತ್ರರಂಗದಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರ ಕನ್ನಡ ಹಾಡುಗಳೂ ಇಂದು ಕೇಳಲು ಸಿಗುವುದು ಸಂಗ್ರಾಹಕರ ಇಂಥ ದುಡಿಮೆಯಿಂದಲೇ.

ಜನಪದ ಹಾಡಿನ ವಿಷಯದಲ್ಲಿ ಕನ್ನಡಕ್ಕೆ ಆದ ನಷ್ಟ ಇನ್ನೂ ದೊಡ್ಡದು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಳೆಯರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲು. ಆದರೆ ಅವರ ಕೈಯಲ್ಲಿದ್ದುದು ಲೇಖನಿ ಮಾತ್ರ. ಪದ ಉಳಿಯಿತು, ಬೀಸುಕಲ್ಲಿನ ಸುತ್ತಿಗೆ ತಕ್ಕಂತೆ ಸಾಲು ಎಲ್ಲಿ ಎಳೆಯುತ್ತಿತ್ತು, ಎಲ್ಲಿ ಉಸಿರು ನಿಲ್ಲುತ್ತಿತ್ತು ಎಂಬುದು ಪುಟದ ಮೇಲೆ ಬರಲಿಲ್ಲ. ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ್ ಮತ್ತು ಗೀ ಪ್ವಾತ್ವೆಂ ಅವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮರಾಠಿ ಬೀಸುಕಲ್ಲಿನ ಓವಿಗಳನ್ನು ಸಂಗ್ರಹಿಸಿದರು. ಒಂದು ಲಕ್ಷಕ್ಕೂ ಮೀರಿದ ಆ ಸಂಗ್ರಹದಲ್ಲಿ ಬರಹದ ಜೊತೆಗೆ ಹಲವು ಹಾಡುಗಾರ್ತಿಯರ ಧ್ವನಿಯನ್ನೂ ಮುದ್ರಿಸಿಕೊಳ್ಳಲಾಯಿತು. 2017ರಿಂದ ಆ ಹಾಡುಗಳನ್ನು ಗ್ರಾಮೀಣ ಭಾರತದ ಜನತಾ ಸಂಗ್ರಹಾಲಯವಾದ 'ಪರಿ' ಸಂಸ್ಥೆ ಧ್ವನಿಸಹಿತ ಪ್ರಕಟಿಸುತ್ತಿದೆ. ಹಾಡಿದವಳ ಹೆಸರು, ಊರು, ಮುಖ, ಕಂಠ ಎಲ್ಲವೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಅದೇ ರಾಜ್ಯದ ಕನ್ನಡ ಹಾಡುಗಾರ್ತಿಯರ ಧ್ವನಿ ಎಲ್ಲಿದೆ ಎಂದು ಕೇಳಿದರೆ ಉತ್ತರ ಬಹುಮಟ್ಟಿಗೆ ಆ ಟ್ರಂಕಿನ ತಳದ ಚೀಲವೇ.

ಭಾಷೆಯ ಧ್ವನಿಯನ್ನು ಮುದ್ರಿಸಬೇಕೆಂಬ ಯೋಚನೆ ಹೊಸದೇನಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಅಂಗವಾಗಿಯೇ 1913ರಿಂದ 1929ರ ವರೆಗೆ ಇನ್ನೂರಕ್ಕೂ ಹೆಚ್ಚು ಗ್ರಾಮಫೋನ್ ಮುದ್ರಿಕೆಗಳು ತಯಾರಾದವು. ಮುದ್ರಿತ ವ್ಯಾಕರಣ ಎಷ್ಟೇ ಸಮಗ್ರವಾಗಿದ್ದರೂ ಉಚ್ಚಾರವನ್ನು ಕಿವಿಗೆ ಮುಟ್ಟಿಸಲಾರದೆಂಬುದು ಅಂದೇ ಆಡಳಿತಕ್ಕೆ ತಿಳಿದಿತ್ತು.

ಗಡಿಭಾಗದ ಕನ್ನಡ ಶಿಕ್ಷಕನಿಗೆ ಇದು ಸಂಗೀತದ ಹವ್ಯಾಸವಾಗಿ ಅಲ್ಲ, ಪಾಠದ ಸಾಮಗ್ರಿಯಾಗಿ ಬೇಕಾದದ್ದು. ಪುಣೆಯ ಬಾಲಭಾರತಿ 1967ರಲ್ಲಿ ಸ್ಥಾಪನೆಯಾಯಿತು. ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಅದು ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಪುಸ್ತಕವಿದೆ, ವಿಧಿಯಿದೆ. ಆದರೆ ಪುಸ್ತಕದಲ್ಲಿ 'ಮಾಡುತ್ತಿದ್ದಾರೆ' ಎಂದಿರುತ್ತದೆ, ಮಗುವಿನ ಮನೆಯಲ್ಲಿ 'ಮಾಡಾಕತ್ತಾರ' ಎನ್ನುತ್ತಾರೆ. ಓಣಿಗೆ ಬಂದರೆ ಮರಾಠಿ. ಮನೆಯ ಮಾತನ್ನು ಮಗು ಎಲ್ಲಿಯೂ ಗೌರವದ ಸ್ಥಾನದಲ್ಲಿ ಕೇಳುವುದಿಲ್ಲ. ಅದು ತಪ್ಪು ಕನ್ನಡವೆಂದು ಶಾಲೆಯಲ್ಲೂ, ಅದು ಕನ್ನಡವೇ ಎಂದು ಮೂಗು ಮುರಿಯುವುದನ್ನು ಹೊರಗೂ ಕೇಳುತ್ತದೆ. ಅದೇ ಮಾತಿನಲ್ಲಿ ತನ್ನ ಮುತ್ತಜ್ಜಿ ಸೋಬಾನೆ ಹಾಡುವುದನ್ನು ತರಗತಿಯ ಎಲ್ಲರೂ ಮೌನವಾಗಿ ಕುಳಿತು ಕೇಳುತ್ತಿರುವಾಗ ಆ ಮಗುವಿನ ಮುಖವನ್ನು ಶಿಕ್ಷಕ ಗಮನಿಸಬೇಕು.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೂ ಚಿಂಚಲಿ ಮಾಯಕ್ಕನ ಜಾತ್ರೆಗೂ ಕೊಲ್ಲಾಪುರ ಸೀಮೆಯಿಂದ ಜನ ಹೋಗುತ್ತಲೇ ಬಂದಿದ್ದಾರೆ. ಚೌಡಿಕೆಯ ಪದಗಳು ಎರಡು ಭಾಷೆಗಳಲ್ಲೂ ಓಡಾಡುತ್ತವೆ; ಒಂದು ಸಾಲು ಕನ್ನಡ, ಮರುಸಾಲು ಮರಾಠಿ ಬಂದರೂ ಕೇಳುವವರಿಗೆ ಅದು ಅಚ್ಚರಿಯಲ್ಲ. ಇಂಥ ಕ್ಯಾಸೆಟ್‌ಗಳಲ್ಲಿ ಎರಡು ಭಾಷೆಗಳ ಸಹಬಾಳ್ವೆ ಯಾವ ಭಾಷಣವೂ ಇಲ್ಲದೆ ದಾಖಲಾಗಿರುತ್ತದೆ. ಇಚಲಕರಂಜಿಗೆ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಕೈಮಗ್ಗದ ಮಾತುಗಳು ಅದರೊಂದಿಗೆ ಹಿಂದೆ ಸರಿದವು. ಹಾಸು, ಹೊಕ್ಕು, ಉಂಕಿ, ಲಾಳಿ, ಕಂಡಿಕೆ ಎಂಬ ಶಬ್ದಗಳನ್ನು ನಿಘಂಟಿನಲ್ಲಿ ನೋಡಬಹುದು. ಒಬ್ಬ ಹಿರಿಯ ನೇಕಾರ ಅವುಗಳನ್ನು ಮಾತಿನ ಓಘದಲ್ಲಿ ಬಳಸುವುದನ್ನು ಕೇಳಬೇಕಾದರೆ ಧ್ವನಿಯೇ ಬೇಕು.

ಇನ್ನು ಕೆಲಸದ ಕ್ರಮ. ಕ್ಯಾಸೆಟ್ ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಅದರ ಹಿಂಬದಿಯ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯುವುದು. ಅವು ಇರುವವರೆಗೆ ತಪ್ಪಿ ಒತ್ತಿದ ಒಂದು ಗುಂಡಿ ನಲವತ್ತು ವರ್ಷದ ಧ್ವನಿಯನ್ನು ಅಳಿಸಬಲ್ಲದು. ಆ ಮೇಲೆ ಸುರುಳಿಯನ್ನು ಕಿಟಕಿಯಿಂದ ನೋಡಬೇಕು. ಬಿಳಿಯ ಪುಡಿ ಅಥವಾ ನೂಲಿನಂಥ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಬಾರದು. ಒಂದರ ಬೂಷ್ಟು ಯಂತ್ರದ ಮೂಲಕ ಉಳಿದವಕ್ಕೂ ಹರಡುತ್ತದೆ. ಕೊಲ್ಲಾಪುರದ ಮಳೆಗಾಲ ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಮಗ್ಗದ ಓಣಿಗಳಲ್ಲಿ ಇನ್ನೊಂದು ತೊಂದರೆ ಹತ್ತಿಯ ಧೂಳಿನದು. ಅದು ಡೆಕ್ಕಿನ ಹೆಡ್ಡಿನ ಮೇಲೆ ಕುಳಿತು ಧ್ವನಿಯನ್ನು ಮಂಕು ಮಾಡುತ್ತದೆ. ಪ್ರತಿ ಕ್ಯಾಸೆಟ್‌ಗೆ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಹತ್ತಿಕಡ್ಡಿಯಿಂದ ಒರೆಸಿ ಒಣಗಲು ಬಿಡಬೇಕು.

ಬಹುಕಾಲ ತಿರುಗದ ಸುರುಳಿಯನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿದರೆ ಬಿಗಿ ಸಡಿಲವಾಗುತ್ತದೆ. 60 ಮತ್ತು 90 ನಿಮಿಷದವು ಗಟ್ಟಿ. 120 ನಿಮಿಷದ್ದು ತೀರ ತೆಳು, ಅದನ್ನು ವೇಗವಾಗಿ ಓಡಿಸದೆ ಸಾವಕಾಶ ನುಡಿಸಿ ಸುತ್ತಿಸುವುದೇ ಕ್ಷೇಮ. ಸುರುಳಿಯನ್ನು ಹೆಡ್ಡಿಗೆ ಒತ್ತಿಹಿಡಿಯುವ ಚಿಕ್ಕ ಫೆಲ್ಟ್ ತುಂಡು ಉದುರಿಹೋಗಿದ್ದರೆ ಧ್ವನಿ ಏರಿಳಿಯುತ್ತದೆ. ಐದು ಸ್ಕ್ರೂಗಳಿರುವ ಬೇರೊಂದು ಬೇಡದ ಕ್ಯಾಸೆಟ್ ಬಿಚ್ಚಿ, ಅದರ ಕವಚಕ್ಕೆ ಈ ಸುರುಳಿಯನ್ನು ಕೂರಿಸಬಹುದು. ಮೊದಲ ಸಲ ಕೈ ನಡುಗುತ್ತದೆ. ಆದ್ದರಿಂದ ಮೊದಲ ಪ್ರಯೋಗವನ್ನು ಬೇಡದ ಎರಡು ಕ್ಯಾಸೆಟ್‌ಗಳ ಮೇಲೆಯೇ ಮಾಡತಕ್ಕದ್ದು.

ಹೆಚ್ಚಿನವರಿಗೆ ಗೊತ್ತಿಲ್ಲದ, ಆದರೆ ಫಲಿತಾಂಶವನ್ನೇ ಬದಲಿಸುವ ಸಂಗತಿ ಹೆಡ್ಡಿನ ಓರೆ. ಮನೆಯ ಚಿಕ್ಕ ಟೇಪ್‌ರೆಕಾರ್ಡರಿನಲ್ಲಿ ಮುದ್ರಿಸಿದ ಕ್ಯಾಸೆಟ್ ಆ ಯಂತ್ರದ ಹೆಡ್ ಎಷ್ಟು ಓರೆಯಾಗಿತ್ತೋ ಅಷ್ಟೇ ಓರೆಯಾಗಿ ಮುದ್ರಿತವಾಗಿರುತ್ತದೆ. ಬೇರೆ ಡೆಕ್ಕಿನಲ್ಲಿ ನುಡಿಸಿದಾಗ ಸ, ಶ, ಚ ಮುಂತಾದ ಚೂಪಾದ ಧ್ವನಿಗಳು ಮಾಯವಾಗಿ ಕಂಬಳಿಯ ಹಿಂದಿನಿಂದ ಹಾಡಿದಂತೆ ಕೇಳುತ್ತದೆ. ಸುರುಳಿಯೇ ಹಾಳಾಗಿದೆಯೆಂದು ಆಗ ಕೈಬಿಡುವವರು ಬಹಳ. ಹೆಡ್ಡಿನ ಪಕ್ಕದಲ್ಲಿರುವ ಸ್ಪ್ರಿಂಗ್ ಕೂಡಿದ ಸ್ಕ್ರೂವನ್ನು ನುಡಿಯುತ್ತಿರುವಾಗಲೇ ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸಿ, ಧ್ವನಿ ಅತ್ಯಂತ ಸ್ಪಷ್ಟವಾದಲ್ಲಿ ನಿಲ್ಲಿಸಬೇಕು. ಭಾಷಾಶಿಕ್ಷಕನ ಕಿವಿ ಇಲ್ಲಿ ಎಲ್ಲ ಉಪಕರಣಗಳಿಗಿಂತ ಮೇಲು. ಶ-ಷ-ಸಗಳ ವ್ಯತ್ಯಾಸಕ್ಕೆ ಅದು ದಿನವೂ ಪಳಗಿದೆ.

ಗ್ರಾಮಫೋನ್ ತಟ್ಟೆಗಳ ವಿಷಯ ಬೇರೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನದು. ಅದರ ಗೀರು ಅಗಲ, ಅದಕ್ಕೆ ಅಗಲವಾದ ಮುಳ್ಳೇ ಬೇಕು. ಎಲ್.ಪಿ. ತಟ್ಟೆಯ ಸಣ್ಣ ಮುಳ್ಳು ಗೀರಿನ ತಳದ ಕೊಳೆಯಲ್ಲಿ ಓಡಿ ಕರಕರ ಸದ್ದನ್ನೇ ಎತ್ತಿ ತರುತ್ತದೆ. ಅಲಂಕಾರಕ್ಕಿಟ್ಟ ಕೀಲಿಯ ಗ್ರಾಮಫೋನಿನಲ್ಲಿ ಉಕ್ಕಿನ ಸೂಜಿ ಹಾಕಿ ನುಡಿಸಿ ಮುದ್ರಿಸಿಕೊಳ್ಳುವುದಂತೂ ಬೇಡವೇ ಬೇಡ. ಪ್ರತಿ ಸಲವೂ ಅದು ಗೀರನ್ನು ಕೆರೆಯುತ್ತದೆ. ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಕ್ಯಾಸೆಟ್ ಹೆಡ್ಡಿಗೆ ಬಳಸಿದ ದ್ರವವನ್ನು ಈ ತಟ್ಟೆಗೆ ಮುಟ್ಟಿಸಬಾರದು. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಮೃದುವಾದ ಬಟ್ಟೆ ಸಾಕು, ನಡುವಿನ ಹೆಸರಿನ ಕಾಗದ ನೆನೆಯಬಾರದು. ತಟ್ಟೆ ನುಡಿಸುವ ಯಂತ್ರದಿಂದ ಬರುವ ಸಂಕೇತ ತೀರ ಕ್ಷೀಣ, ಮಂದ್ರ ಸ್ವರಗಳೂ ಅದರಲ್ಲಿ ತಗ್ಗಿರುತ್ತವೆ. ಅದನ್ನು ಸರಿಪಡಿಸುವ ಫೋನೋ ಪ್ರಿಆಂಪ್ಲಿಫೈಯರ್ ನಡುವೆ ಇರಲೇಬೇಕು. ಇಷ್ಟೆಲ್ಲ ಶಾಲೆಯಲ್ಲಿ ಆಗದಿದ್ದರೆ ತಟ್ಟೆಯನ್ನು ನೇರವಾಗಿ ನಿಲ್ಲಿಸಿ, ಬಿಸಿಲು ತಾಕದಂತೆ ಇಟ್ಟು, ಬಲ್ಲವರಿಗೆ ಕೊಡುವುದೇ ಜಾಣತನ.

ಮನೆಬಳಕೆಯ ಸಿ.ಡಿ. ರೆಕಾರ್ಡರ್ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಆದರೆ ಎಲ್ಲಾದರೂ ಒಂದಿದ್ದರೆ ಅದರಂಥ ಸರಳ ಯಂತ್ರವಿಲ್ಲ. ಡೆಕ್ಕಿನ 'ಲೈನ್ ಔಟ್'ನಿಂದ ರೆಕಾರ್ಡರಿನ 'ಲೈನ್ ಇನ್'ಗೆ ತಂತಿ ಜೋಡಿಸಿದರೆ ಮುಗಿಯಿತು. ಇಂಥ ಯಂತ್ರಗಳು ಸಾಮಾನ್ಯವಾಗಿ ಸಂಗೀತಕ್ಕೆಂದೇ ಗುರುತು ಮಾಡಿದ ಖಾಲಿ ಸಿ.ಡಿ.ಗಳನ್ನು ಮಾತ್ರ ಸ್ವೀಕರಿಸುತ್ತವೆ, ಕಂಪ್ಯೂಟರಿನ ಸಿ.ಡಿ. ಹಾಕಿದರೆ ಯಂತ್ರ ಕೆಟ್ಟಿದೆಯೆಂಬ ಭ್ರಮೆ ಬರುತ್ತದೆ. ಮುದ್ರಣ ಮುಗಿದ ಮೇಲೆ 'ಫೈನಲೈಸ್' ಮಾಡದಿದ್ದರೆ ಆ ಸಿ.ಡಿ. ಬೇರೆ ಯಂತ್ರಗಳಲ್ಲಿ ನುಡಿಯದು. ಒಂದು ಸಿ.ಡಿ.ಯಲ್ಲಿ 80 ನಿಮಿಷ ಹಿಡಿಸುತ್ತದೆ. 60 ನಿಮಿಷದ ಕ್ಯಾಸೆಟ್ ಇಡಿಯಾಗಿ ಕೂರುತ್ತದೆ, 90 ನಿಮಿಷದ್ದಕ್ಕೆ ಎರಡು ಬೇಕು. ಇದರಲ್ಲಿ ಅವಸರಕ್ಕೆ ದಾರಿಯಿಲ್ಲ. ಒಂದು ಗಂಟೆಯ ಧ್ವನಿಗೆ ಒಂದು ಗಂಟೆ ಕುಳಿತೇ ತೀರಬೇಕು.

ಕಂಪ್ಯೂಟರಿನಲ್ಲಿ ಮಾಡುವವರು ಯು.ಎಸ್.ಬಿ. ಮೂಲಕ ಜೋಡಿಸುವ ಚಿಕ್ಕ ಆಡಿಯೋ ಪೆಟ್ಟಿಗೆಯನ್ನೂ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶವನ್ನೂ ಬಳಸಬಹುದು. ಸಿ.ಡಿ. ಗುಣಮಟ್ಟವೆಂದರೆ ಸೆಕೆಂಡಿಗೆ 44,100 ಮಾದರಿ, 16 ಬಿಟ್. ನಿಮಿಷಕ್ಕೆ ಸುಮಾರು 10 ಎಂ.ಬಿ. ಸಂಗ್ರಹಾಲಯಗಳು ಇದಕ್ಕಿಂತ ಹೆಚ್ಚಿನ 24 ಬಿಟ್ ಬಳಸುತ್ತವೆ. ಸಾಧ್ಯವಿದ್ದರೆ ಅದೇ ಲೇಸು. ಉಳಿಸುವುದು 'ವೇವ್' ರೂಪದಲ್ಲಿರಬೇಕು. ಫೋನಿನಲ್ಲಿ ಹಂಚಲು ಎಂ.ಪಿ.3 ಪ್ರತಿ ಬೇರೆ ಮಾಡಿಕೊಳ್ಳಬಹುದು. ಮುದ್ರಣದ ಮಟ್ಟ ಅತ್ಯುಚ್ಚ ಕ್ಷಣದಲ್ಲೂ ಕೆಂಪು ಗೆರೆ ಮುಟ್ಟಬಾರದು. ಟೇಪಿನಲ್ಲಿ ಮಟ್ಟ ಸ್ವಲ್ಪ ಮೀರಿದರೆ ಧ್ವನಿ ಒರಟಾಗುತ್ತದೆ ಅಷ್ಟೇ; ಡಿಜಿಟಲ್‌ನಲ್ಲಿ ಮೀರಿದರೆ ಅಲೆಯ ತುದಿ ಕತ್ತರಿಸಿಹೋಗಿ ಮತ್ತೆ ಬರುವುದಿಲ್ಲ.

ಸದ್ದು ತೆಗೆಯುವ ಸಾಧನಗಳ ಮೋಹದ ಬಗ್ಗೆ ಎಚ್ಚರ ಬೇಕು. ಮಗ್ಗದ ಓಣಿಯಲ್ಲಿ ಮುದ್ರಿಸಿದ ಹಾಡಿನ ಹಿಂದೆ ಮಗ್ಗದ ಖಟಖಟ ಇರುತ್ತದೆ, ಮಗು ಅಳುತ್ತದೆ, ಯಾರೋ 'ಯವ್ವಾ, ಚಾ ಆತೇನ' ಎಂದು ಕೂಗುತ್ತಾರೆ. ಅದು ಕಸವಲ್ಲ, ಆ ಮನೆಯ ಸಾಯಂಕಾಲ. ಮೂಲಪ್ರತಿಯನ್ನು ಇದ್ದಂತೆ ಇಟ್ಟು, ಬೇಕಾದರೆ ತರಗತಿಗೆಂದು ಇನ್ನೊಂದು ಪ್ರತಿಯನ್ನು ಹಸನು ಮಾಡಿಕೊಳ್ಳಲಿ.

ಸಿ.ಡಿ. ಮಾಡಿದೊಡನೆ ಕೆಲಸ ಮುಗಿಯಿತೆಂಬ ನಂಬಿಕೆಗೂ ಇಂದು ಆಧಾರವಿಲ್ಲ. ಮನೆಯಲ್ಲಿ ಸುಟ್ಟ ಸಿ.ಡಿ. ಒಂದು ಬಣ್ಣದ ಪದರದ ಮೇಲೆ ನಿಂತಿದೆ. ಬೆಳಕು, ಶಾಖ, ತೇವಗಳಿಗೆ ಆ ಬಣ್ಣ ಕೆಡುತ್ತದೆ. ಹೊಳೆಯುವ ಪದರ ಇರುವುದು ಹೆಸರು ಬರೆಯುವ ಬದಿಯ ತೀರ ಹತ್ತಿರ. ಅದರ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆಯುವುದೂ ಕಾಗದ ಅಂಟಿಸುವುದೂ ಹಾನಿ. ಹೊಸ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಹಿಂದೆ ಶಾಲೆಗಳಲ್ಲಿ ಮಾಡಿಟ್ಟ ಸಿ.ಡಿ.ಗಳಿದ್ದರೆ ಅವನ್ನು ಈಗಲೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಕ್ಯಾಸೆಟ್‌ನಷ್ಟೇ ತುರ್ತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಕೊಲ್ಲಾಪುರ ಜಿಲ್ಲೆಯಲ್ಲಿ ಪಂಚಗಂಗೆಯ ನೆರೆ ಕಂಡವರಿಗೆ ಕೊನೆಯದರ ಕಾರಣ ಹೇಳಬೇಕಾಗಿಲ್ಲ.

ಕಾನೂನಿನ ಮಾತು ಚಿಕ್ಕದು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡು ಬರೆದವರ ಹಕ್ಕು ಅವರ ಮರಣಾನಂತರ 60 ವರ್ಷ. ಶಾಲೆಯ ಚಟುವಟಿಕೆಯ ಅಂಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರ ಎದುರು ಮುದ್ರಿಕೆ ಕೇಳಿಸುವುದಕ್ಕೆ ಕಾನೂನು ಅವಕಾಶ ಕೊಟ್ಟಿದೆ. ಕಂಪನಿಯ ಕ್ಯಾಸೆಟ್ಟಿನ ಪ್ರತಿ ಮಾಡಿ ಊರಿಗೆಲ್ಲ ಹಂಚುವುದಕ್ಕೆ ಕೊಟ್ಟಿಲ್ಲ. ಮನೆಯ ಕ್ಯಾಸೆಟ್ಟಿಗೆ ಕಾನೂನಿಗಿಂತ ಮರ್ಯಾದೆ ದೊಡ್ಡದು. ಬಾಣಂತಿಯ ಕೋಣೆಯಲ್ಲಿ ಹಾಡಿದ್ದು, ಸತ್ತವರನ್ನು ನೆನೆದು ಅತ್ತದ್ದು ತರಗತಿಗೆ ಬರಬಹುದೇ ಎಂಬುದನ್ನು ಆ ಮನೆಯ ಹೆಣ್ಣುಮಕ್ಕಳು ಹೇಳಬೇಕು. ಬೇಡವೆಂದರೆ ಬೇಡ. ಪ್ರತಿಯನ್ನು ಅವರಿಗೇ ಕೊಟ್ಟು ಬರುವುದು.

ಧ್ವನಿಯಷ್ಟೇ ಮುಖ್ಯವಾದದ್ದು ಚೀಟಿ. ಯಾರು ಹಾಡಿದ್ದು, ತವರೂರು ಯಾವುದು, ಎಲ್ಲಿ ಮುದ್ರಿಸಿದ್ದು, ಸುಮಾರು ಯಾವ ವರ್ಷ, ಯಾವ ಸಂದರ್ಭ, ಹಿಮ್ಮೇಳದಲ್ಲಿ ಯಾರು. ತವರೂರನ್ನು ಕೇಳದೆ ಬಿಡಬಾರದು. ಹೆಂಗಸರ ಹಾಡು ಗಂಡನ ಊರಿನದಾಗಿರದೆ ತವರಿನದಾಗಿರುತ್ತದೆ. ವರ್ಷ ನೆನಪಿಲ್ಲದವರಿಗೆ 'ದೊಡ್ಡ ಮಗ ಆಗ ಎಷ್ಟನೆಯ ಇಯತ್ತೆಯಲ್ಲಿದ್ದ' ಎಂದು ಕೇಳಿದರೆ ಲೆಕ್ಕ ತಾನೇ ಬರುತ್ತದೆ. ಈ ವಿವರಗಳನ್ನು ಕ್ಯಾಸೆಟ್ ನುಡಿಸುತ್ತಿರುವಾಗಲೇ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಕು. ಧ್ವನಿ ಗುರುತಿಸಬಲ್ಲವರು ಇರುವವರೆಗೆ ಮಾತ್ರ ಈ ಭಾಗ ಸಾಧ್ಯ, ಯಾವ ಯಂತ್ರವೂ ಇದನ್ನು ಮುಂದೆ ಒದಗಿಸಲಾರದು.

ತರಗತಿಯಲ್ಲಿ ಒಂದು ಸಲಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. 78ರ ತಟ್ಟೆಯ ಒಂದು ಮುಖವೂ ಅಷ್ಟೇ ಇತ್ತು. ಮೊದಲ ಸಲ ಬರೀ ಕೇಳಲಿ. ಎರಡನೆಯ ಸಲ ತಿಳಿಯದ ಶಬ್ದಗಳನ್ನು ಬರೆದುಕೊಳ್ಳಲಿ. ಅವುಗಳ ಅರ್ಥವನ್ನು ಶಿಕ್ಷಕ ಹೇಳಬಾರದು. ಮಕ್ಕಳು ಮನೆಗೆ ಹೋಗಿ ಕೇಳಿಕೊಂಡು ಬರಲಿ. ಮರುದಿನ ಒಂದೇ ಶಬ್ದಕ್ಕೆ ಮೂರು ಮನೆಗಳಿಂದ ಮೂರು ಅರ್ಥ ಬಂದರೆ ಪಾಠ ನಿಜವಾಗಿ ಆರಂಭವಾಗುತ್ತದೆ. ಆಗ ಪುಸ್ತಕದ 'ಮಾಡುತ್ತಿದ್ದಾರೆ'ಯನ್ನೂ ಮನೆಯ 'ಮಾಡಾಕತ್ತಾರ'ವನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಎರಡೂ ಯಾವ ಧಾತುವಿನಿಂದ ಹೇಗೆ ಬಂದವೆಂದು ತೋರಿಸಬಹುದು.

ಕೆಲಸವಾದ ಮೇಲೆ ಕ್ಯಾಸೆಟ್ಟನ್ನು ಮನೆಯವರಿಗೆ ಮರಳಿಸಬೇಕು. ಪ್ರತಿಯನ್ನು ಅವರು ನುಡಿಸಬಲ್ಲ ರೂಪದಲ್ಲೇ ಕೊಡತಕ್ಕದ್ದು, ಸಿ.ಡಿ. ಯಂತ್ರವಿಲ್ಲದ ಮನೆಗೆ ಪೆನ್‌ಡ್ರೈವ್, ಅದೂ ಇಲ್ಲವಾದರೆ ಮೊಮ್ಮಗಳ ಫೋನ್. ಹೊರಡುವ ಮುನ್ನ ಇನ್ನೊಂದು ಚೀಲ ಎಲ್ಲಾದರೂ ಇದೆಯೇ ಎಂದು ಕೇಳಿ ಬರುವುದು ಒಳ್ಳೆಯದು. ಸಾಮಾನ್ಯವಾಗಿ ಇರುತ್ತದೆ.